ಎಪ್ಪತ್ತೈದು ವ್ಯಾಟಿನ ಜಾಗ

ನಮ್ಮ ಸೋದರಮಾವ ಮೂವತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಊರಿನ ಅಂಗಡಿಯವರಿಗೆಲ್ಲ ಬೆವರಿಳಿಸಿದ ಮನುಷ್ಯ. ನಿವೃತ್ತರಾಗಿ ನಮ್ಮ ಮನೆಗೆ ಬಂದ ಮೇಲೆ ತೂಗಲು ಬೇರೇನೂ ಸಿಗದೆ ನಮ್ಮನ್ನೇ ತೂಗತೊಡಗಿದರು.

ಅಮ್ಮ ಮೂರು ವಾರದಿಂದ ಆಸ್ಪತ್ರೆಯಲ್ಲಿದ್ದಳು. ಗುರುವಾರ ಮನೆಗೆ ಕರೆದೊಯ್ಯಬಹುದು, ಆದರೆ ಆಮ್ಲಜನಕದ ಯಂತ್ರ ಇಪ್ಪತ್ನಾಲ್ಕು ಗಂಟೆಯೂ ಓಡುತ್ತಿರಬೇಕು ಎಂದರು ಡಾಕ್ಟರು. ಯಂತ್ರಕ್ಕೆ ಮುನ್ನೂರೈವತ್ತು ವ್ಯಾಟ್. ನಮ್ಮ ಮನೆಗೆ ಮಂಜೂರಾದ ಲೋಡು ಒಂದೇ ಒಂದು ಕಿಲೋವ್ಯಾಟ್, ಅಂದರೆ ಸಾವಿರ ವ್ಯಾಟ್. ಅದನ್ನು ಮೀರಿದರೆ ಮೇನ್ ಸ್ವಿಚ್ಚು ಟಪ್ಪೆಂದು ಬಿದ್ದು ಮನೆಯ ಕರೆಂಟೆಲ್ಲ ಹೋಗುತ್ತದೆ. ಮೇನ್ ಬಿದ್ದರೆ ಅಮ್ಮನ ಉಸಿರೂ ಬಿದ್ದಂತೆಯೇ.

ಮಾವ ಕನ್ನಡಕ ಏರಿಸಿ ಪಟ್ಟಿ ಹಾಕಲು ಕೂತರು. ಫ್ರಿಜ್ಜು ನೂರೈವತ್ತು. ಮೂರು ಫ್ಯಾನು ಇನ್ನೂರ ಇಪ್ಪತ್ತೈದು. ಟೀವಿ ಎಂಬತ್ತು. ಒಂಬತ್ತು ವ್ಯಾಟಿನ ಎಂಟು ಬಲ್ಬು ಎಪ್ಪತ್ತೆರಡು. ಯಂತ್ರವೂ ಸೇರಿ ಎಂಟುನೂರ ಎಪ್ಪತ್ತೇಳು. ಇನ್ನೂ ನೂರಿಪ್ಪತ್ಮೂರು ಉಳಿಯಿತಲ್ಲ ಎಂದು ನಾನು ನಿರಾಳವಾಗಿ ಉಸಿರು ಬಿಟ್ಟೆ.

"ತಡಿ ತಡಿ, ನಾವು?" ಎಂದರು ಮಾವ.

"ನಾವೇನು?"

"ಮನುಷ್ಯ ದಿನಕ್ಕೆ ಎರಡು ಸಾವಿರ ಕ್ಯಾಲೊರಿ ತಿಂತಾನೆ. ಅದನ್ನ ಜೂಲ್ ಲೆಕ್ಕಕ್ಕೆ ತಿರುಗಿಸು, ದಿನದ ಸೆಕೆಂಡಿಂದ ಭಾಗಿಸು. ತೊಂಬತ್ತೇಳು ವ್ಯಾಟ್ ಬರುತ್ತೆ. ಹಳೇ ಕಾಲದ ನೂರರ ಬಲ್ಬಿಗೆ ಮೂರು ಕಮ್ಮಿ ಅಷ್ಟೇ."

"ನಮ್ಮನ್ನೇನು ಪ್ಲಗ್ಗಿಗೆ ಸಿಕ್ಕಿಸಿದ್ದಾರಾ ಮಾವ?"

"ಅಳತೆ ಒಂದೇ ಅಂದ್ಮೇಲೆ ತಕ್ಕಡಿನೂ ಒಂದೇ. ವ್ಯಾಟಂದ್ರೆ ವ್ಯಾಟು."

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಬಾಡಿಗೆ ಯಂತ್ರ ಬಂತು. ಅಣ್ಣ, ಅತ್ತಿಗೆ, ಮಾವ, ನಾನು ನಾಲ್ವರೂ ಸುತ್ತ ನಿಂತು, ಪಟ್ಟಿಯಲ್ಲಿದ್ದದ್ದನ್ನೆಲ್ಲ ಹಾಕಿ, ಕೊನೆಗೆ ಯಂತ್ರದ ಸ್ವಿಚ್ ಒತ್ತಿದೆವು. ಟಪ್. ಮೇನ್ ಬಿತ್ತು. ಹಿಂದಿನ ಕೋಣೆಯಲ್ಲಿ ಅಣ್ಣನ ಅಂಗಿಯ ಮೇಲೆ ಏಳುನೂರೈವತ್ತು ವ್ಯಾಟಿನ ಇಸ್ತ್ರಿಪೆಟ್ಟಿಗೆ ಕಾಯುತ್ತಿದ್ದದ್ದು ನಾಲ್ವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಹೆದರಿದವರ ತಲೆ ಓಡುವುದಿಲ್ಲ. ನಾವು ಮಾವನ ಮುಖ ನೋಡಿದೆವು. ಅವರು ಪಟ್ಟಿಯಲ್ಲಿ ನಮ್ಮೆಲ್ಲರನ್ನೂ ಸೇರಿಸಿದರು.

ಅಮ್ಮ ಈಗ ಅರ್ಧ ಊಟ ಮಾಡುವವಳು, ಅವಳಿಗೆ ನಲವತ್ತೆಂಟು. ಅವಳೂ ಅವಳ ಯಂತ್ರವೂ ಒಳಗಿದ್ದರೆ ಮನೆಯಲ್ಲಿ ಉಳಿಯುವುದು ಎಪ್ಪತ್ತೈದು ವ್ಯಾಟಿನ ಜಾಗ. ನಾವೋ ತಲಾ ತೊಂಬತ್ತೇಳು. ಒಬ್ಬರೂ ಹಿಡಿಸುವುದಿಲ್ಲ.

"ಫ್ರಿಜ್ಜು ಆರ್ಸೋಣ," ಎಂದ ಅಣ್ಣ.

"ಅದರಲ್ಲಿ ಅಕ್ಕನ ಔಷಧಿ ಇರುತ್ತೆ. ಈ ಸೆಕೆಗೆ ಫ್ಯಾನೂ ಬೇಕು. ಅವಳ ಟೀವಿನಂತೂ ನಾನು ಮುಟ್ಟಲ್ಲ," ಎಂದರು ಮಾವ.

ಅತ್ತಿಗೆ ಅಂದೇ ಊಟ ಕಡಿಮೆ ಮಾಡಿದಳು. ಸಂಜೆ ಮಾವ ಅವಳ ತಟ್ಟೆ ತೂಗಿ, "ಎಂಬತ್ತೆರಡಕ್ಕೆ ಬಂದಿದ್ದೀಯ, ಸಾಲದಮ್ಮ" ಎಂದರು.

ಗುರುವಾರ ಬೆಳಿಗ್ಗೆ ಆಂಬುಲೆನ್ಸಿನವರು ಅಮ್ಮನನ್ನು ಮಲಗಿಸಿ, ಮೂಗಿಗೆ ಕೊಳವೆ ಹಾಕಿ, ಯಂತ್ರ ಚಾಲೂ ಮಾಡಿ ಹೊರಟರು. ನಾವು ನಾಲ್ವರು ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಹೋಗಿಬರುವವರು, ಯಾರಾದರೂ ಹೋದರಾ ಎಂದು ಕೇಳುತ್ತಿದ್ದರು. ಇಲ್ಲ, ಬಂದಿದ್ದಾರೆ ಎಂದು ಅಣ್ಣ ಎಲ್ಲರಿಗೂ ಉತ್ತರ ಕೊಡುತ್ತಿದ್ದ.

"ಯಾಕ್ರೋ ಎಲ್ಲಾ ಹೊರಗಿದ್ದೀರಾ?" ಕಿಟಕಿಯಿಂದ ಅಮ್ಮನ ಸಣ್ಣ ದನಿ ಬಂತು.

ಮಾವ ಎದ್ದು ಹೋಗಿ, ಕಿಟಕಿಯ ಸರಳಿನ ಸಂದಿಯಿಂದ ಪಟ್ಟಿ ತೋರಿಸುತ್ತ ಮೊದಲಿನಿಂದ ಕೊನೆಯವರೆಗೆ ವಿವರಿಸಿದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮೂರು ವಾರ ಅವಳು ಬಿಳಿ ಗೋಡೆ ನೋಡುತ್ತ ಮಲಗಿದ್ದಳು. ಮನೆಗೆ ಹೋಗಬೇಕು ಎಂಬುದನ್ನು ಬಿಟ್ಟು ಬೇರೇನೂ ಕೇಳಿದವಳಲ್ಲ.

"ಲೋ ತಮ್ಮಾ, ಈ ಯಂತ್ರ ಆರಿಸಿದ್ರೆ ಎಷ್ಟು ಜನ ಹಿಡಿಸ್ತಾರೋ?"

ಲೆಕ್ಕ ಕೇಳಿದರೆ ಮಾವನ ಬಾಯಿ ಸುಮ್ಮನಿರುವುದಿಲ್ಲ. "ಮುನ್ನೂರೈವತ್ತು, ಎಪ್ಪತ್ತೈದು, ನಾನೂರ ಇಪ್ಪತ್ತೈದು. ನಾಲ್ಕೂ ಜನ ಹಿಡಿಸ್ತೀವಕ್ಕ. ಇನ್ನೂ ಮೂವತ್ತೇಳು ಉಳಿಯುತ್ತೆ."

"ಹಾಗಾದ್ರೆ ಬನ್ನಿ," ಎಂದು ಅಮ್ಮ ಕೈ ಚಾಚಿ ಸ್ವಿಚ್ ಆರಿಸಿದಳು.

ಪಟ್ಟಿ ಚರಂಡಿಗೆ ಬಿತ್ತು. ಎಪ್ಪತ್ತು ದಾಟಿದ ಮಾವ ಹಾಗೆ ಓಡಿದ್ದನ್ನು ನಾನು ನೋಡೇ ಇರಲಿಲ್ಲ. ನಾವು ಮೂವರು ಬಾಗಿಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಒಳಗೆ ನುಗ್ಗುವಷ್ಟರಲ್ಲಿ ಅವರು ಸ್ವಿಚ್ ಹಾಕಿಯಾಗಿತ್ತು. ಯಂತ್ರ ಮತ್ತೆ ಗುಂಯ್ ಎನ್ನತೊಡಗಿತು. ಐದೂ ಜನ ಒಳಗಿದ್ದೆವು. ಉಸಿರು ಬಿಗಿಹಿಡಿದು ಕಾದೆವು. ಮೇನ್ ಬೀಳಲಿಲ್ಲ.

ಮಾವ ಅಮ್ಮನ ಪಾದದ ಬಳಿ ಕುಸಿದು ಕೂತರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಲ್ಲೋ ಲೆಕ್ಕ ತಪ್ಪಿದೆ ಅಕ್ಕ," ಎಂದರು. ಹುಟ್ಟಿದಾರಭ್ಯ ಆ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ.

"ತಪ್ಪಲಿ ಬಿಡೋ," ಎಂದಳು ಅಮ್ಮ. "ಇನ್ನೊಂಚೂರು ಹತ್ತಿರ ಕೂತ್ಕೋ."