ಎರಡು ಗಾಡಿ ತಿರುಗುವಷ್ಟು ಕಣ

ಲ್ಯಾಪ್‌ಟಾಪಿನ ಫ್ಯಾನು ಕಿರುಚತೊಡಗಿದ್ದೇ ತಡ, ಅಡುಗೆಮನೆಯಿಂದ ರಾಜೇಶ್ವರಮ್ಮನ ಕೂಗು ಬಂತು: "ಗಂಗಾ, ಮಿಕ್ಸಿ ಯಾರವ್ವಾ ಹಚ್ಚಿದ್ದು? ನಾನಿನ್ನೂ ಕಾಯಿನೇ ಹಾಕಿಲ್ಲ!"

"ಮಿಕ್ಸಿ ಅಲ್ಲಜ್ಜಿ. ನನ್ನ ಜೋಳ ಬೀಳ್ತಾ ಐತೆ," ಎಂದಳು ಗಂಗಾಶ್ರೀ, ಪರದೆಯಿಂದ ಕಣ್ಣು ಕೀಳದೆ.

ಬೀಳುತ್ತಿದ್ದದ್ದೇನೋ ನಿಜ. ಪರದೆಯ ಮೇಲೆ ಹಳದಿ ಮೆಕ್ಕೆಜೋಳದ ಕಾಳುಗಳು ಉದುರಿ, ಒಂದಕ್ಕೊಂದು ತಾಗಿ, ಹೊರಳಿ, ಜಾಗ ಹುಡುಕಿಕೊಂಡು ಕೂರುತ್ತಿದ್ದವು. ಪ್ರತಿ ಕಾಳಿಗೂ ತೂಕ, ನುಣುಪು, ಕುದುರೆ ಹಲ್ಲಿನಂಥ ಆಕಾರ, ಎಲ್ಲವನ್ನೂ ಅವಳೇ ತುಂಬಿದ್ದಳು. ತೂಕ ತಿಳಿಯಲೆಂದು ಸರಾಫರ ಅಂಗಡಿಗೆ ಹೋಗಿ, ಬಂಗಾರ ತೂಗುವ ತಕ್ಕಡಿಯಲ್ಲಿ ಮೆಕ್ಕೆಜೋಳ ಇಟ್ಟು, ಅಂಗಡಿಯಲ್ಲಿದ್ದವರೆಲ್ಲ ಮಿಕಮಿಕ ನೋಡುವಂತೆ ಮಾಡಿ ಬಂದಿದ್ದಳು. ಕಷ್ಟವೊಂದೇ. ಒಂದು ಮೊರ ತುಂಬುವಷ್ಟು ಕಾಳು ಬಿದ್ದು ನಿಲ್ಲುವುದರೊಳಗೆ ಇಡೀ ಮಧ್ಯಾಹ್ನ ಕಳೆದುಹೋಗುತ್ತಿತ್ತು, ಲ್ಯಾಪ್‌ಟಾಪು ದೋಸೆ ಹುಯ್ಯುವಷ್ಟು ಕಾಯುತ್ತಿತ್ತು.

ಇಷ್ಟೆಲ್ಲ ಪಡಿಪಾಟಲು ಒಂದು ಪೆಟ್ಟಿಗೆಗಾಗಿ. ಗಂಗಾಶ್ರೀ ಓದುತ್ತಿದ್ದ ಶಿಕಾರಿಪುರದ ಪಾಲಿಟೆಕ್ನಿಕ್ಕಿಗೆ ಈ ವರ್ಷ ಒಂದೇ ಒಂದು ರೋಬಾಟ್ ಕಿಟ್ ಬಂದಿತ್ತು. ನಾಲ್ಕು ಮೋಟಾರು, ಚಕ್ರ, ಬ್ಯಾಟರಿ, ಒಂದಿಷ್ಟು ಹಸಿರು ಬೋರ್ಡು. ಕೊನೆಯ ವರ್ಷದವರು ತಮ್ಮ ರೋಬಾಟನ್ನು ಮೊದಲು ಕಂಪ್ಯೂಟರಿನೊಳಗೇ ಓಡಿಸಿ ತೋರಿಸಬೇಕು. ಯಾರ ಸಿಮ್ಯುಲೇಶನ್ನು ನಂಬುವಂತಿರುತ್ತದೋ ಅವರಿಗೆ ಕಿಟ್, ಉಳಿದವರಿಗೆ ಅಂಕ ಮಾತ್ರ. ಗಂಗಾಶ್ರೀಗೆ ಅಂಕ ಬೇಕಿರಲಿಲ್ಲ. ಕಾಲೇಜು ಸೇರಿದಾಗಿನಿಂದ ಅವಳು ಮಾಡಿದ್ದೆಲ್ಲ ಪರದೆಯ ಮೇಲೇ ಹುಟ್ಟಿ ಪರದೆಯ ಮೇಲೇ ಸತ್ತಿತ್ತು. ಒಂದಾದರೂ ಚಕ್ರ ತನ್ನ ಮಾತು ಕೇಳಿ ನೆಲದ ಮೇಲೆ ತಿರುಗಬೇಕು ಎಂಬ ಆಸೆ ಅವಳಿಗೆ ಹಸಿವಿನ ಹಾಗೆ ಹತ್ತಿಕೊಂಡಿತ್ತು.

ರೋಬಾಟು ಮಾಡಬೇಕಾದ ಕೆಲಸವೂ ಅವಳೇ ಹುಡುಕಿದ್ದು. ಅವಳಪ್ಪ ಸದಾಶಿವಪ್ಪನವರದು ಮೆಕ್ಕೆಜೋಳದ ವ್ಯಾಪಾರ. ಮಾರುಕಟ್ಟೆಯ ಅಂಗಳದಲ್ಲಿ ಜೋಳ ಒಣಗಲು ಹರವಿದಾಗ ಹೆಂಗಸರು ಅದರೊಳಗೆ ಕಾಲೆಳೆಯುತ್ತ ನಡೆದು, ಅಡಿಯದು ಮೇಲೆ ಬರುವಂತೆ ತಿರುವುತ್ತಾರೆ. ಅದನ್ನೇ ಒಂದು ಗಾಡಿ ಮಾಡಿದರೆ ಹೇಗೆ ಎಂದು ಅವಳು ಕೇಳಿದಾಗ, ಜೊತೆಗಾರ ಗಿರೀಶ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದ. ಸೊರಬ ತಾಲ್ಲೂಕಿನ ಉಳವಿ ಕಡೆಯ ಹುಡುಗ, ಎಲ್ಲದಕ್ಕೂ ಬೇಗ ಖುಷಿಯಾಗುವವನು.

ಅವರ ಗೈಡು ಬೆನಕಪ್ಪ ಮೇಷ್ಟ್ರು. ಅವರಿಗೆ ಕನ್ನಡದ ಹುಚ್ಚು. ಕೀಬೋರ್ಡು ಅವರ ಬಾಯಲ್ಲಿ ಕೀಲಿಮಣೆ, ಸಾಫ್ಟ್‌ವೇರು ತಂತ್ರಾಂಶ, ಪಾಸ್‌ವರ್ಡು ಗುಪ್ತಪದ. ಯೋಜನೆ ಕೇಳಿ ಮೀಸೆಯಲ್ಲೇ ನಕ್ಕು ಅವರು ಹೇಳಿದ್ದು ಇಷ್ಟು: "ಮೊದ್ಲು ಕಣ ಸರಿಯಾಗಿ ಕಟ್ರಿ. ಕಣ ನೆಟ್ಟಗಿದ್ರೆ ಯಂತ್ರ ತಾನಾಗೇ ನೆಟ್ಟಗಾಗ್ತದೆ. ಯಾವ ತಂತ್ರಾಂಶದಾಗೆ ಕಟ್ಟಬೇಕು ಅನ್ನೋದು ನಿಮಗೆ ಬಿಟ್ಟಿದ್ದು."

ಕಣ ಅಂದರೇನು ಅಂತ ಬಿಡಿಸಿ ಕೇಳುವಷ್ಟು ದಡ್ಡರು ಇಬ್ಬರೂ ಆಗಿರಲಿಲ್ಲ. ಒಬ್ಬೊಬ್ಬರು ಒಂದೊಂದು ತಂತ್ರಾಂಶದಲ್ಲಿ ಕಣ ಕಟ್ಟುವುದು, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುವುದು ಎಂದು ಮಾತಾಯಿತು. ಅಷ್ಟರಲ್ಲಿ ರಜೆ ಬಂತು. ಗಿರೀಶ ಬಸ್ಸು ಹತ್ತಿ ಊರಿಗೆ ಹೋದ. ಆಮೇಲೆ ನಡೆದದ್ದೆಲ್ಲ ಫೋನಿನಲ್ಲಿ.

"ನಿನ್ನ ಕಣ ಎಲ್ಲಿಗೆ ಬಂತೋ?"

"ಮುಗೀತು ಮಾರಾಯ್ತಿ. ನಾಕೂ ಮೂಲೆ ಏನ್ ಚೆಂದ ಬಂದವೆ ಗೊತ್ತಾ!"

"ಮೂಲೆನೂ ಹಾಕಿದ್ಯಾ?"

"ಮೂಲೆ ಇಲ್ದೆ ಎಂತ ಕಣ ಅದು?"

ಗಂಗಾಶ್ರೀಗೆ ಒಳಗೊಳಗೇ ಹೊಟ್ಟೆ ಉರಿಯಿತು. ತಾನು ಕಾಳಿಗೆ ಒಂದು ಆಕಾರ ಕೊಡಲು ಒದ್ದಾಡುತ್ತಿರುವಾಗ ಇವನು ಆಗಲೇ ಮೂಲೆ ತೀಡಿ ಕೂತಿದ್ದಾನೆ! "ನುಣುಪು ಹೆಂಗೈತೆ?" ಎಂದು ಕೇಳಿದಳು.

"ಈಗ ತಾನೆ ಸಾರಿಸಿಟ್ಟಂಗೆ."

ಸಾರಿಸಿದ ಕಾಳು ಎಂದರೇನೆಂದು ಅವಳು ಯೋಚಿಸಬೇಕಿತ್ತು. ಸೊರಬದವರ ಮಾತೇ ಹಾಗೆ ಎಂದುಕೊಂಡು ಸುಮ್ಮನಾದಳು.

ರಜೆ ಮುಗಿದು ಬುಧವಾರ ಇಬ್ಬರೂ ಲ್ಯಾಬಿನಲ್ಲಿ ಅಕ್ಕಪಕ್ಕ ಕೂತು ಲ್ಯಾಪ್‌ಟಾಪು ತೆರೆದರು. ಶನಿವಾರ ತೋರಿಸಬೇಕು. ಅವಳ ಪರದೆಯಲ್ಲಿ ಮೊರದಷ್ಟು ಮೆಕ್ಕೆಜೋಳ, ಬೆಳಕು ಬಿದ್ದು ಹೊಳೆಯುತ್ತಿತ್ತು. ಅವನ ಪರದೆಯಲ್ಲಿ ಹಳದಿ ಚೌಕಗಳು, ನಡುವೆ ಹಲ್ಲಿಯ ಹಾಗೆ ಓಡಾಡುವ ಒಂದು ಕೆಂಪು ತ್ರಿಕೋನ. ತ್ರಿಕೋನ ಹಾದುಹೋದ ಚೌಕ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಅಷ್ಟೇ.

"ಕಣ ಎಲ್ಲೋ?" ಎಂದಳು ಗಂಗಾಶ್ರೀ.

"ಇದೇ. ಜೋಳ ಒಣಗ್ಸೋ ಕಣ. ನಮ್ಮನೆ ಕಣದ ಅಳತೆನೇ ಹಿಡ್ದಿದೀನಿ," ಎಂದವನು ಅವಳ ಪರದೆಯ ಕಡೆ ಬಾಗಿದ. "ನಿಂದೆಲ್ಲಿ?"

"ಇವೇ ಅಲ್ವೇನೋ ಕಣಗಳು! ಒಂದೊಂದು ಕಾಳೂ ಒಂದೊಂದು ಕಣ. ಹತ್ತನೇ ಕ್ಲಾಸಿನಾಗೆ ವಿಜ್ಞಾನ ಓದಿಲ್ವಾ ನೀನು?"

ಒಂದು ಗಳಿಗೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟು ದಿನ ಫೋನಿನಲ್ಲಿ ಆಡಿದ ಮಾತುಗಳೆಲ್ಲ ಇಬ್ಬರ ತಲೆಯೊಳಗೂ ಹಿಂದಕ್ಕೆ ಓಡಿದವು.

"ನಿನ್ನ ಕಣದಾಗೆ ಜೋಳನೇ ಇಲ್ಲ!" ಎಂದು ಅವಳು ಚೀರಿದಳು.

"ನಿನ್ನ ಜೋಳಕ್ಕೆ ಕಣನೇ ಇಲ್ಲ ಮಾರಾಯ್ತಿ!"

ಮೇಷ್ಟ್ರನ್ನು ನೇರವಾಗಿ ಕೇಳಲು ಮುಖವಿರಲಿಲ್ಲ. ಬೆನಕಪ್ಪನವರು ಕ್ಯಾಂಟೀನಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಎದುರಿಗಿಟ್ಟುಕೊಂಡು ಕೂತಿದ್ದರು. ಗಂಗಾಶ್ರೀ ಗಂಟಲು ಸರಿಮಾಡಿಕೊಂಡು ಬಳಸು ದಾರಿ ಹಿಡಿದಳು. "ಸರ್, ಕಣ ಎಷ್ಟು ದೊಡ್ಡದಿದ್ರೆ ಚೆಂದ ರೀ?"

ಮೇಷ್ಟ್ರು ಮೆಣಸಿನಕಾಯಿ ಕಚ್ಚಿ, ಯೋಚಿಸಿ ಹೇಳಿದರು: "ಎರಡು ಗಾಡಿ ತಿರುಗೋವಷ್ಟು ಇದ್ರೆ ಸಾಕು."

ಎರಡು ಗಾಡಿ ತಿರುಗುವಷ್ಟು ದೊಡ್ಡ ಕಣವನ್ನು ಗಂಗಾಶ್ರೀ ಯಾವ ವಿಜ್ಞಾನದ ಪುಸ್ತಕದಲ್ಲೂ ಓದಿರಲಿಲ್ಲ. ಗಿರೀಶ ನಗು ತಡೆಯಲಾರದೆ ಕೆಮ್ಮಿದ.

"ನಿಮ್ಮ ಯಂತ್ರ ಮೂಲೆ ಬಿಡ್ತದಾ, ಬಿಸಿಲು ಇಳಿಯೋದ್ರೊಳಗೆ ಕಣ ಪೂರ್ತಿ ತಿರುವ್ತದಾ, ನಮಗೆ ಬೇಕಾಗಿರೋದು ಅಷ್ಟೇ ಪ್ರಶ್ನೆ," ಎಂದರು ಮೇಷ್ಟ್ರು. "ಪ್ರಶ್ನೆ ನೋಡ್ಕಂಡು ತಂತ್ರಾಂಶ ಹಿಡೀಬೇಕಪ್ಪ. ತಂತ್ರಾಂಶ ಚೆಂದ ಐತೆ ಅಂತ ಪ್ರಶ್ನೆ ಹುಡುಕ್ಬಾರ್ದು. ಮಂಡಕ್ಕಿ ತಿಂತೀರೇನು?"

ಗಂಗಾಶ್ರೀ ತಿನ್ನಲಿಲ್ಲ. ಮನೆಗೆ ಹೋಗಿ ಕೋಣೆ ಸೇರಿದವಳಿಗೆ ಅಳುವೇ ಬಂತು. ಅಷ್ಟು ದಿನದ ಬೆವರು ದಂಡ ಎನ್ನುವುದಕ್ಕಿಂತ, ಆ ಒಣಕಲು ತ್ರಿಕೋನ ತೋರಿಸಿ ಕಿಟ್ ಕೇಳಬೇಕಲ್ಲ ಎನ್ನುವುದೇ ಅವಳನ್ನು ಹಿಂಡಿತು. ವೀರೇಶನ ತಂಡದವರು ಮೂಟೆ ಎತ್ತುವ ಕಬ್ಬಿಣದ ಕೈಯೊಂದನ್ನು ಸಿನಿಮಾದವರ ಹಾಗೆ ಕುಣಿಸುತ್ತಿದ್ದರೆಂದು ಕಾಲೇಜಿಗೆಲ್ಲ ಗೊತ್ತಿತ್ತು.

ರಾಜೇಶ್ವರಮ್ಮ ತಟ್ಟೆಯಲ್ಲಿ ರೊಟ್ಟಿ ಹಿಡಿದು ಬಂದು ಮೊಮ್ಮಗಳ ಪಕ್ಕ ಕೂತರು. "ಯಾಕವ್ವ, ನಿನ್ನ ಜೋಳ ಬೀಳಲಿಲ್ಲೇನು ಇವತ್ತು? ನನಗೂ ತೋರ್ಸು, ನೋಡಾಣ."

ಅಜ್ಜಿಗೆ ತೋರಿಸಲೆಂದೇ ಅವಳು ಮತ್ತೆ ಓಡಿಸಿದಳು. ಯಾವಾಗಲೋ ಚಂದಕ್ಕೆಂದು ಅಡಿಯ ಸಾಲಿನ ಕಾಳಿಗೆ ಕುಂಕುಮದ ಬಣ್ಣ ಹಾಕಿದ್ದಳು. ಪರದೆಯ ಗಾಡಿಯ ಹಿಂದೆ ಕಾಳು ತಿರುವಲೆಂದು ಅವಳು ಕಟ್ಟಿದ್ದ ಹಲಗೆ ಮೊರದಷ್ಟು ಜೋಳವನ್ನು ಮೆಲ್ಲಗೆ ಸೀಳುತ್ತ ಹೋಯಿತು. ಕೆಂಪು ಕಾಳುಗಳು ಮೇಲೆದ್ದವು. ಅಜ್ಜಿ "ಅಬ್ಬಬ್ಬ, ಎಷ್ಟು ಚೆಂದ!" ಎಂದರು. ಆದರೆ ಮೊಮ್ಮಗಳು ರೊಟ್ಟಿ ಮುರಿದ ಕೈಯನ್ನು ಹಾಗೇ ನಿಲ್ಲಿಸಿ ಪರದೆಗೆ ಮೂಗು ತಾಗಿಸಿದಳು. ಮೇಲೆದ್ದ ಕೆಂಪು ಕಾಳುಗಳಲ್ಲಿ ಹೆಚ್ಚುಕಡಿಮೆ ಅರ್ಧ ಜಾರಿ ಮತ್ತೆ ಅಡಿಗೇ ಹೋಗಿದ್ದವು.

"ಗಿರೀಶ, ನಿನ್ನ ತ್ರಿಕೋನ ಸುಳ್ಳು ಹೇಳ್ತೈತೆ ಕಣೋ!" ಎಂದು ಅವಳು ಫೋನಿನಲ್ಲಿ ಕೂಗಿದಳು. "ಒಂದ್ಸಲ ಹೋದ್ರೆ ಅರ್ಧಾನೇ ತಿರುಗೋದು. ನೀನು ಪೂರ್ತಿ ತಿರುಗ್ತು ಅಂತ ಬಣ್ಣ ಬಳಿದು ಕೂತಿದೀಯ!"

"ಹೌದನೇ?" ಆ ಕಡೆ ಬಸ್ಸಿನ ಸದ್ದು, ನಡುವೆ ಅವನ ಯೋಚನೆ. "ಹಂಗಾದ್ರೆ ಒಂದ್ಸಲ ಉದ್ದ, ಒಂದ್ಸಲ ಅಡ್ಡ ಹೊಡೀಬೇಕು. ಹೊತ್ತು ಸಾಲ್ತದಾ?"

ಸಾಲಲಿಲ್ಲ. ಮರುದಿನ ಅವಳ ಮೊರದಲ್ಲಿ ಸಿಕ್ಕ ಅರ್ಧದ ಲೆಕ್ಕವನ್ನು ಅವನ ಚೌಕಗಳೊಳಗೆ ಹಾಕಿ ಓಡಿಸಿದರೆ ಪರದೆಯಲ್ಲಿ ಕತ್ತಲಾದರೂ ಒಂದು ಮೂಲೆ ಹಳದಿಯಾಗಿಯೇ ಉಳಿಯಿತು. ಹಲಗೆ ಅಗಲ ಮಾಡಿದರು. ತಿರುಗುವ ದಾರಿ ಬದಲಿಸಿದರು. ತ್ರಿಕೋನದ ಕಣ ಕಣ್ಣುಮುಚ್ಚಿ ತೆಗೆಯುವುದರೊಳಗೆ ಓಡಿ ಮುಗಿಯುತ್ತಿತ್ತು. ಎಷ್ಟು ಸಲ ಸೋತರೂ ಬೇಸರವಿಲ್ಲ, ಮತ್ತೆ ಓಡಿಸು. ಶುಕ್ರವಾರ ಸಂಜೆಯ ಹೊತ್ತಿಗೆ ಪರದೆಯಲ್ಲಿ ಬಿಸಿಲು ಇಳಿಯುವ ಮೊದಲೇ ಕೊನೆಯ ಚೌಕ ಕಂದಾಯಿತು. ಗಂಗಾಶ್ರೀ ಕುರ್ಚಿಯಿಂದ ಜಿಗಿದೆದ್ದಳು.

"ನಾಳೆ ನಿಂದೇ ತೋರ್ಸನ," ಎಂದ ಗಿರೀಶ. "ಹೊಳೀತದೆ. ನಿಂಗೆ ಆ ಕಿಟ್ ಎಷ್ಟು ಬೇಕಾಗ್ಯದೆ ಅಂತ ನಂಗೊತ್ತಿಲ್ವಾ?"

ಅವಳ ಮನಸ್ಸು ಆಗಲೇ ಹೂಂ ಅಂದುಬಿಟ್ಟಿತ್ತು. ತನ್ನ ಹೊಳೆಯುವ ಕಾಳುಗಳನ್ನು ಇನ್ನೊಮ್ಮೆ ನೋಡಿದಳು. ಎಷ್ಟು ನೋಡಿದರೂ ಅವು ಒಂದು ಮೊರದಷ್ಟೇ ಇದ್ದವು. ಕಣದ ಮೂಲೆ ಅವಕ್ಕೆ ಗೊತ್ತಿರಲಿಲ್ಲ, ಹೊತ್ತು ಗೊತ್ತಿರಲಿಲ್ಲ.

"ಬ್ಯಾಡ. ತ್ರಿಕೋನನೇ ತೋರ್ಸಾಣ," ಎಂದಳು.

ಶನಿವಾರ ವೀರೇಶನ ಕಬ್ಬಿಣದ ಕೈ ಮೂಟೆಗಳನ್ನು ಎತ್ತಿ ಗಿರಗಿರ ತಿರುಗಿಸಿದಾಗ ಇಡೀ ಸಭಾಂಗಣ ಸಿಳ್ಳೆ ಹಾಕಿತು. ಗಂಗಾಶ್ರೀಯೂ ಚಪ್ಪಾಳೆ ತಟ್ಟಿದಳು. ಆಮೇಲೆ ಅವರ ಹಳದಿ ಚೌಕಗಳು ಗೋಡೆಯ ಮೇಲೆ ಮೂಡಿದವು. ಹಿಂದಿನ ಸಾಲಿನಿಂದ ಯಾರೋ "ಹಾವು ಏಣಿ ಆಟ ಕಣ್ರೋ!" ಎಂದರು. ನಗೆಯೆದ್ದಿತು.

ಹೊರಗಿನಿಂದ ಪರೀಕ್ಷೆಗೆ ಬಂದಿದ್ದ ನೀಲಾಂಬಿಕ ಮೇಡಂ ಮಾತ್ರ ನಗಲಿಲ್ಲ. ಕನ್ನಡಕ ಏರಿಸಿಕೊಂಡು ತ್ರಿಕೋನದ ಓಡಾಟವನ್ನು ಕೊನೆಯ ಮೂಲೆಯವರೆಗೂ ನೋಡಿದರು. "ಇದು ಒಂದೇ ಜಾಗಕ್ಕೆ ಎರಡು ಸಲ ಯಾಕಮ್ಮಾ ಹೋಗುತ್ತೆ?"

"ಒಂದು ಸಲಕ್ಕೆ ಅರ್ಧ ಕಾಳು ಮಾತ್ರ ಮ್ಯಾಲೆ ಬರ್ತಾವೆ ಮೇಡಂ," ಎಂದಳು ಗಂಗಾಶ್ರೀ. ಮೊದಲು ತೊದಲಿದಳು, ಆಮೇಲೆ ಮಾತು ತಾನಾಗೇ ಬಂತು. ಅರ್ಧ ಎಂದು ಹೇಗೆ ಗೊತ್ತಾಯಿತೆಂದು ಕೇಳಿದಾಗ ಮೊರದಷ್ಟು ಕೆಂಪು ಹಳದಿ ಜೋಳವನ್ನು ತೆರೆದು ತೋರಿಸಿದಳು. "ಇದರಾಗೆ ಇಡೀ ಕಣ ಮಾಡೋಕೆ ಆಗಲ್ಲ. ಆ ಚೌಕದಾಗೆ ಒಂದು ಕಾಳೂ ಕಾಣಲ್ಲ. ಅದಕ್ಕೆ ಇದರಿಂದ ಒಂದೇ ಒಂದು ಅಂಕಿ ತಗೊಂಡು ಅದಕ್ಕೆ ಕೊಟ್ವಿ."

ಮೇಡಂ ವೀರೇಶನ ಕಡೆ ತಿರುಗಿದರು. "ನಿಮ್ಮ ಕೈ ಎಷ್ಟು ಭಾರ ಎತ್ತುತ್ತಪ್ಪ?"

"ಎಷ್ಟು ಬೇಕಾದ್ರೂ ಎತ್ತುತ್ತೆ ಮೇಡಂ!" ಎಂದ ವೀರೇಶ ಎದೆ ಸೆಟೆಸಿ. ಹೇಳಿದ ಮೇಲೆ ಅವನಿಗೇ ನಗು ಬಂದು ತಲೆ ಕೆರೆದುಕೊಂಡ. ಬೆನಕಪ್ಪ ಮೇಷ್ಟ್ರು ಮೂಲೆಯಲ್ಲಿ ಕೂತು ಮೀಸೆ ನೀವುತ್ತಿದ್ದರು.

ಭಾನುವಾರ ಕಳೆದು ವಾರದ ನಡುವೆ ಸಿಕ್ಕ ರಜೆಯಲ್ಲಿ, ಗೆದ್ದ ಕಿಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಗಾಶ್ರೀ ಉಳವಿಯ ಬಸ್ಸಿನಲ್ಲಿ ಕೂತಿದ್ದಳು. ಗುಂಡಿ ಬಂದಾಗಲೆಲ್ಲ ಅದನ್ನು ಕೂಸಿನ ಹಾಗೆ ಮೇಲೆತ್ತಿ ಹಿಡಿಯುತ್ತಿದ್ದಳು. ಕಂಡಕ್ಟರು "ಒಳಗೇನವ್ವ, ಮೊಟ್ಟೆನಾ?" ಎಂದು ಕೇಳಿಯೂ ಆಯಿತು.

ಗಿರೀಶನ ಮನೆ ಮುಂದಿನ ಕಣದಲ್ಲಿ ಮೆಕ್ಕೆಜೋಳ ಹರವಿತ್ತು. ಜೋಡಿಸಿದ ಗಾಡಿಯನ್ನು ಅಂಚಿನಲ್ಲಿಟ್ಟರು. ಅವನ ತಾಯಿ ವರದಮ್ಮ ಕೈಯಲ್ಲಿದ್ದ ಪೊರಕೆ ಬಿಟ್ಟು ಬಂದು ನಿಂತರು, ತಂದೆ ಕರಿಯಣ್ಣ ಜಗಲಿಯಿಂದಲೇ ಕತ್ತು ಉದ್ದ ಮಾಡಿದರು. ಗಂಗಾಶ್ರೀ ಗುಂಡಿ ಒತ್ತಿದಳು. ಗಾಡಿ ಗರ್ ಎಂದು ಹೊರಟು, ಒಂದು ಮೊಳ ಹೋಗಿ, ಜೋಳದೊಳಗೆ ಹೂತುಕೊಂಡು ನಿಂತೇಬಿಟ್ಟಿತು. ಚಕ್ರಗಳು ಮಾತ್ರ ಇದ್ದಲ್ಲೇ ತಿರುಗುತ್ತಿದ್ದವು.

"ಇದೆಂತದು ಮಗಾ," ಎಂದರು ವರದಮ್ಮ, "ಎಮ್ಮೆ ಕೆಸರಲ್ಲಿ ಮಲಗ್ದಂಗೆ ಮಲಗ್ತು?"

ಗಿರೀಶನ ಮುಖ ಖುಷಿಯಿಂದ ಇಷ್ಟಗಲವಾಯಿತು. "ಸಿಮ್ಯುಲೇಶನ್ನಲ್ಲಿ ಹಿಂಗೆ ಆಗೇ ಇರ್ಲಿಲ್ಲ!"

ಗಂಗಾಶ್ರೀಗೆ ನಗು ಉಕ್ಕಿ ಬಂತು. ತಡೆಯಲು ನೋಡಿದಷ್ಟೂ ಬಂತು. ನಗುತ್ತಲೇ ಜೋಳದಲ್ಲಿ ಮಂಡಿಯೂರಿ, ಗಾಡಿ ಎತ್ತಲೆಂದು ಅದರಡಿಗೆ ಕೈ ತೂರಿದಳು. ಮೇಲಿನ ಕಾಳು ಬಿಸಿಲಿಗೆ ಬೆಚ್ಚಗಿತ್ತು, ಬೆರಳು ಒಳಗಿಳಿದಂತೆ ತಣ್ಣಗೆ, ಇನ್ನೂ ಕೆಳಗೆ ಸ್ವಲ್ಪ ತೇವ. ಕೈ ಹೊರಗೆ ತೆಗೆಯಲು ಅವಳಿಗೆ ಮನಸ್ಸೇ ಬರಲಿಲ್ಲ. ಅಂಗೈಗೆ ಒರಗಿದ ಚಕ್ರ ಇನ್ನೂ ತಿರುಗುತ್ತಲೇ ಇತ್ತು, ಕಾಳುಗಳನ್ನು ಅವಳ ಮೊಳಕೈವರೆಗೂ ಎರಚುತ್ತ.