ಒಂದೇ ತಾಯಿಯ ಮೂರು ಮಕ್ಕಳ ಕಣ್ಣು

ಶಾಮಲಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮ್ಯೂನಿಕ್ಕಿನ ಕನ್ನಡಿಗರೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಎಪ್ಪತ್ತಮೂರನೇ ಇಸವಿಯಲ್ಲಿ ಆ ಸಿಟ್ಟನ್ನು ನುಂಗಿಕೊಂಡಿದ್ದರೆ ನಾನೂ ಅಲ್ಲೊಬ್ಬ ಪ್ರೊಫೆಸರ್ ಆಗುತ್ತಿದ್ದೆನೋ ಏನೋ.

ಆಗ ನಾನು ಅಲ್ಲಿನ ಒಂದು ಸಂಶೋಧನಾಲಯದಲ್ಲಿ ಮಕ್ಕಳ ಕಾಯಿಲೆಯೊಂದರ ಬೆನ್ನು ಬಿದ್ದಿದ್ದೆ. ಹಾಳು ಕಾಯಿಲೆ. ಆಡಿಕೊಂಡಿದ್ದ ಮಗುವಿಗೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಮಾತು, ನಡಿಗೆ, ಬುದ್ಧಿ. ಒಂದೇ ಮನೆಯ ಎರಡು ಮೂರು ಮಕ್ಕಳಿಗೂ ಬರುವುದುಂಟು. ಕಣ್ಣಿನ ರೆಟಿನಾ ಸಾಯುವ ಕ್ರಮ ತಿಳಿದರೆ ಮೆದುಳು ಸಾಯುವ ಕ್ರಮವೂ ತಿಳಿದೀತು ಎನ್ನುವುದು ನನ್ನ ವಾದ. ಸಾಧಿಸಿದರೆ ಕಾಯಂ ಕೆಲಸ, ಇಲ್ಲದಿದ್ದರೆ ಗಂಟುಮೂಟೆ.

ನನ್ನನ್ನು ಅಲ್ಲಿಗೆ ಕರೆಸಿಕೊಂಡವರು ಶೇಷಗಿರಿ. ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ನನ್ನ ಮೇಷ್ಟ್ರು, ಈಗ ಅಲ್ಲಿ ಮೆದುಳಿನ ತಜ್ಞರು. ಸಂಶೋಧನಾಲಯದ ಬೀರುಗಳ ತುಂಬ ಈ ಕಾಯಿಲೆಯಿದ್ದು ಸತ್ತ ಮಕ್ಕಳ ಕಣ್ಣಿನ ತೆಳು ಚೂರುಗಳನ್ನು ಅಂಟಿಸಿದ ಹಳೆಯ ಗಾಜಿನ ಸ್ಲೈಡುಗಳಿದ್ದವು, ಒಂದೊಂದಕ್ಕೂ ತಂದೆತಾಯಿಯ ಹೆಸರು, ವಯಸ್ಸು, ಸತ್ತ ದಿನ ಬರೆದ ಚೀಟಿ. ವಯಸ್ಸು ಗೊತ್ತಿದ್ದರೆ ನೋಡುವವರ ಕಣ್ಣು ಬೇಕಾದ್ದನ್ನೇ ಕಾಣುತ್ತದೆ ಎಂದು ನಾವು ಆ ಚೀಟಿಯ ಮೇಲೆ ಕಾಗದ ಅಂಟಿಸಿಬಿಡುತ್ತಿದ್ದೆವು. ನಾನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕು, ಮೇಷ್ಟ್ರು ಕಾಗದ ಕಿತ್ತು ತಾಳೆ ನೋಡಬೇಕು.

"ಇದು ಚಿಕ್ಕ ಮಗು ಸಾರ್. ಹೊರಪದರ ಮಾತ್ರ ಹೋಗಿದೆ."

"ನಾಲ್ಕು ವರ್ಷ," ಎಂದರು.

"ಇದು ಅದಕ್ಕಿಂತ ದೊಡ್ಡದು."

"ಏಳು."

"ಅಯ್ಯೋ, ಇದ್ರಲ್ಲಿ ಏನೂ ಉಳಿದೇ ಇಲ್ಲ."

"ಹನ್ನೊಂದು. ಭಲೇ! ಒಂದೂ ತಪ್ಪಿಲ್ಲ ಕಣಮ್ಮ. ಮೂರೂ ಒಂದೇ ತಾಯಿ ಮಕ್ಕಳು!"

ನಾನು ಕುಣಿಯುವುದೊಂದು ಬಾಕಿ. ಒಂದೇ ರಕ್ತ, ಮೂರು ಹಂತ. ಇಂಥ ಅದೃಷ್ಟ ಯಾರಿಗೆ ಸಿಗುತ್ತದೆ ಎಂದುಕೊಂಡೆ.

"ಸತ್ತ ತಾರೀಖೂ ಹೇಳಿ ಸಾರ್, ಬರ್ಕೋತೀನಿ."

"ಅದ್ಯಾಕೆ ಈಗ?" ಎಂದು ಸ್ಲೈಡುಗಳನ್ನು ಎತ್ತಿಡಲು ಹೋದರು. ನಾನೇ ಕಸಿದುಕೊಂಡು ಓದಿದೆ. ಸಾವಿರದ ಒಂಬೈನೂರ ನಲವತ್ತು, ಅಕ್ಟೋಬರ್. ಮೂವರಿಗೂ ಒಂದೇ ದಿನ.

ಈ ಕಾಯಿಲೆ ಹಾಗೆ ಮೂವರನ್ನು ಒಂದೇ ದಿನ ಕೊಲ್ಲುವುದಿಲ್ಲ. ಚಿಕ್ಕದಕ್ಕೆ ಇನ್ನೂ ಎಷ್ಟೋ ವರ್ಷ ಆಯಸ್ಸಿತ್ತು. ನಾಜಿಗಳ ಕಾಲದಲ್ಲಿ ಇಂಥ ಮಕ್ಕಳನ್ನು ಆಸ್ಪತ್ರೆಗಳಲ್ಲೇ ಮುಗಿಸಿದರೆಂದು ಕೇಳಿದ್ದೆ. ಈಗ ಅವರ ಕಣ್ಣು ನನ್ನ ಕೈಯಲ್ಲಿತ್ತು.

"ನಿಮ್ಗೆ ಗೊತ್ತಿತ್ತಾ?"

"ಇಲ್ಲಿ ಎಲ್ರಿಗೂ ಗೊತ್ತು, ಯಾರೂ ಮಾತಾಡಲ್ಲ. ನೋಡಮ್ಮ, ಸತ್ತೋರು ಸತ್ತಾಯ್ತು. ಈಗಿರೋ ಮಕ್ಕಳಿಗಾದ್ರೂ ಉಪಯೋಗ ಆಗ್ಲಿ ಬಿಡು."

"ಥೂ! ನಿಮ್ಮ ಬಾಯಲ್ಲಿ ಈ ಮಾತಾ?"

ಪಾಠ ಕಲಿಸಿದ ಮೇಷ್ಟ್ರಿಗೆ ಥೂ ಎಂದುಬಿಟ್ಟಿದ್ದೆ. ಅದೇ ಬಿಸಿಯಲ್ಲಿ ಮುಖ್ಯಸ್ಥ ಪ್ರೊಫೆಸರ್ ವೆಂಡ್ಲರ್ ಕೋಣೆಗೆ ನುಗ್ಗಿದೆ. ಮುದುಕ ರೇಗಲಿಲ್ಲ, ಕೂರಿಸಿ ಕಾಫಿ ಬಗ್ಗಿಸಿದ.

"ನಮಗೆ ಕಳಿಸಿದ್ದನ್ನು ಪರೀಕ್ಷಿಸಿದೆವು. ಎಲ್ಲಿಂದ ಬಂತೆಂದು ಕೇಳಲಿಲ್ಲ. ನಿಮ್ಮ ಕಾಲೇಜಿನಲ್ಲಿ ನೀವು ಕೊಯ್ದ ಹೆಣ ಯಾರದೆಂದು ನೀವು ಕೇಳಿದ್ದಿರಾ, ಡಾಕ್ಟರ್?"

ಕೇಳಿರಲಿಲ್ಲ. ವಾರಸುದಾರರಿಲ್ಲದ ಹೆಣ ಎಂದಷ್ಟೇ ಗೊತ್ತಿತ್ತು. ಆ ಮಾತು ಎದೆಗೆ ಚುಚ್ಚಿತು, ಇಂದಿಗೂ ಚುಚ್ಚುತ್ತದೆ.

"ನಾನು ಕೊಯ್ದವನನ್ನು ಯಾರೂ ಕೊಂದಿರಲಿಲ್ಲ," ಎಂದೆ. "ನನ್ನ ಪ್ರಬಂಧ ಹಾಳಾಗಲಿ. ಈ ಮಕ್ಕಳನ್ನು ಮಣ್ಣು ಮಾಡಿ."

"ಅವು ಸಂಸ್ಥೆಯ ಆಸ್ತಿ," ಎಂದ.

ನನ್ನನ್ನು ಅಲ್ಲಿ ಕೆಲಸದಲ್ಲಿ ಮುಂದುವರಿಸಲಿಲ್ಲ. ಆಖೆನ್ ಎಂಬ ದೂರದ ಊರಿನ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಕನ್ನಡಕದ ನಂಬರು ನೋಡುತ್ತ ಕೂತೆ. ಎರಡು ವರ್ಷದ ಮೇಲೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಬಂತು. ನನ್ನದೇ ವಾದ, ನಾನು ಜೋಡಿಸಿದ್ದ ಅದೇ ಮೂರು ಚಿತ್ರ, ಶೇಷಗಿರಿಯವರ ಹೆಸರು. ಓದಿ ಎಷ್ಟು ಕೂಗಾಡಿದೆನೆಂದರೆ ಪಕ್ಕದ ಮನೆಯವಳು ಬಂದು ಬಾಗಿಲು ಬಡಿದಳು.

ಅದೇ ಚಳಿಗಾಲ ಒಬ್ಬ ತಾಯಿ ಮಗಳನ್ನು ಕರೆತಂದಳು. ನಡೆಯುವಾಗ ಕುರ್ಚಿ ಮೇಜು ಎಡವುತ್ತಾಳೆ, ಕನ್ನಡಕ ಬೇಕೇನೋ ಎಂದಳು. ದೀಪ ಹಿಡಿದು ಕಣ್ಣಿನೊಳಗೆ ನೋಡಿದೆ. ನೋಡಿದ ಕೂಡಲೇ ಅದೇ ಕಾಯಿಲೆ ಎಂದು ಗೊತ್ತಾಗಿಬಿಟ್ಟಿತು. ಮುಂದೆ ಯಾವುದಾದ ಮೇಲೆ ಯಾವುದು ಹೋಗುತ್ತದೆ ಎಂಬುದೂ ಗೊತ್ತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲೇಬೇಕು, ಇದು ಕನ್ನಡಕದಿಂದ ಹೋಗುವಂಥದ್ದಲ್ಲ ಎಂದೆ.

"ಇಂಥ ಮಕ್ಕಳನ್ನು ನೀವು ಮೊದಲೇ ನೋಡಿದ್ದೀರಾ?" ಎಂದಳು.

"ಮೂವರನ್ನು ನೋಡಿದ್ದೇನೆ."

ಅವಳು ಮಗಳ ಕೈ ಹಿಡಿದುಕೊಂಡು ಆಸೆಯಿಂದ ನನ್ನ ಮುಖ ನೋಡಿದಳು.

"ಈಗ ಹೇಗಿದ್ದಾರೆ ಅವರು?"