ಗುಲಾಬಿ ಮಾತ್ರೆಯ ಅರ್ಧ

ಪಾದರಸ ಏರುತ್ತಿದೆ, ನೂರು ದಾಟಿತು, ನೂರೈವತ್ತು — ತಪ್ಪಾಯಿತು, ಮನಸ್ಸಿನೊಳಗೆ ಹೇಳಿಕೊಳ್ಳುವುದಕ್ಕೂ ನನಗೆ ಅಂಜಿಕೆ, ಡಾಕ್ಟರಲ್ಲ ನರ್ಸಲ್ಲ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು, ಅತ್ತೆಯ ಬಿ.ಪಿ. ಮಾತ್ರೆಯನ್ನು ಯಾರನ್ನೂ ಕೇಳದೆ ಬದಲಾಯಿಸಿಬಿಟ್ಟೆ — ಡಾಕ್ಟರ್ ಗಂಗಾದೇವಿ ರಬ್ಬರ್ ಬುಗ್ಗೆ ಹಿಸುಕುತ್ತಿದ್ದಾರೆ, ಪುಸ್ ಪುಸ್, ಕೈ ಸಡಿಲ ಬಿಡಿ ಅಮ್ಮ ಅನ್ನುತ್ತಾರೆ, ಅತ್ತೆಯ ಮುಷ್ಟಿಯಲ್ಲಿ ಸೆರಗಿನ ತುದಿ ಹಾಗೇ ಇದೆ. ಹೋದ ತಿಂಗಳು ಇದೇ ಕುರ್ಚಿ, ನೂರೆಪ್ಪತ್ತು, ಇಳೀಲಿಲ್ಲ ಅಂದ್ರೆ ಡೋಸ್ ಜಾಸ್ತಿ ಮಾಡ್ಬೇಕಾಗುತ್ತೆ ವನಿತಾ, ಲಕ್ವ ಹೊಡೆದ್ರೆ ಕಷ್ಟ ಅಂದಿದ್ದರು, ಮತ್ತಿಕೆರೆಯಿಂದ ಮಾಕಳಿವರೆಗೂ ಬಸ್ಸಿನಲ್ಲಿ ಅದೊಂದೇ ಮಾತು, ಒಂದು ಮಾತ್ರೆಗೇ ತಿಣುಕುವವರು ಎರಡನ್ನು ಹೇಗೆ ಕೊಳ್ಳುವುದು. ಮರುದಿನ ಆಫೀಸಿನ ಊಟದ ಹೊತ್ತಿನಲ್ಲಿ ಚೀಟಿಯ ಫೋಟೊ ತೆಗೆದು ಆನ್‌ಲೈನ್ ಔಷಧದಂಗಡಿಗೆ ಕಳಿಸಿದೆ, ಅಲ್ಲಿಂದ ಫೋನ್ ಬಂತು, ಮೇಡಂ ಜೆನೆರಿಕ್ ಕೊಡ್ಲಾ, ಔಷಧ ಅದೇ, ಕಂಪನಿ ಬೇರೆ, ಕಾಲುಭಾಗ ರೇಟು. ಹೂಂ ಅಂದೆ. ಬಂದ ಮೇಲೆ ಹಳೆಯದು ಹೊಸದು ಎರಡೂ ಮಾತ್ರೆಪಟ್ಟಿಗಳ ಬೆನ್ನಿನ ಇರುವೆಯಂಥ ಅಕ್ಷರಗಳನ್ನು ನಾಲ್ಕು ಸಲ ಪಕ್ಕಪಕ್ಕ ಇಟ್ಟು ಓದಿದೆ, ಒಂದೇ ಹೆಸರು, ಆದರೂ ಡಾಕ್ಟರಿಗೆ ಫೋನ್ ಮಾಡಲಿಲ್ಲ, ಯಾಕೆ, ದುಡ್ಡು ಕೊಡಲು ಕೈಲಾಗದವರು ಅಂದುಕೊಳ್ಳುತ್ತಾರೆಂದೇ — ಪಾದರಸ ಇನ್ನೂರರಲ್ಲಿ ನಿಂತಿತು, ಇಳಿಯುತ್ತಿದೆ, ನಿಧಾನ, ಆ ಗುಲಾಬಿ ಅರ್ಧ ಕಣ್ಣಮುಂದೆ ಬರುತ್ತಿದೆ, ಬೇಡ — ಹಳೆಯದು ಗುಲಾಬಿ, ಹೊಸದು ಬಿಳಿ ಮಾತ್ರೆ, ಅತ್ತೆ ಓದುಬರಹ ಕಲಿತವರಲ್ಲ, ಬಣ್ಣ ನೋಡಿ ನುಂಗುವವರು, ಇದು ನಂದಲ್ಲ ಕಣಮ್ಮ ಅಂದರು, ನಿಮ್ದೇ ಅತ್ತೆ ಅಂದೆ, ಒಳಗೆ ಹೋದರು, ಟಕ್, ಅಡುಗೆಮನೆಯಿಂದ ಅಡಕತ್ತರಿಯ ಸದ್ದು, ಆಮೇಲೆ ಕೂಗು, ಇದೇನೇ ವನಿತಾ, ಪುಡಿಪುಡಿ ಆಗೋಯ್ತು, ಗುಲಾಬಿದು ನೆಟ್ಟಗೆ ಎರಡಾಗ್ತಿತ್ತು. ಎರಡಾಗ್ತಿತ್ತಾ? ಎಲೆಯಡಿಕೆ ಡಬ್ಬಿ ತೆಗೆದು ತೋರಿಸಿದರು, ತಳದಲ್ಲಿ, ಅಡಿಕೆ ಚೂರುಗಳ ನಡುವೆ, ಗುಲಾಬಿ ಅರ್ಧಗಳು, ಹಿಡಿ ತುಂಬ, ದಿನಕ್ಕೆ ಅರ್ಧ ನುಂಗಿ ಅರ್ಧ ಎತ್ತಿಟ್ಟಿದ್ದರು, ನನ್ನ ಗಂಡನ ಹೆಸರು ಹೇಳಿ, ವಿಜಿಗೆ ಪೀಣ್ಯದ ಫ್ಯಾಕ್ಟ್ರೀಲಿ ಯಾವಾಗ ಕೆಲ್ಸ ನಿಲ್ತದೋ ಏನೋ, ಆಗ ಬೇಕಲ್ವಾ ಅಂದರು. ಅತ್ತುಬಿಟ್ಟೆ. ಇದು ಅಗ್ಗ ಅತ್ತೆ, ಇಡೀದು ನುಂಗಿ ಅಂದೆ. ಅಗ್ಗದ್ದು ಕೆಲ್ಸ ಮಾಡ್ತದೇನೇ ಅಂದವರು ನನ್ನ ಮುಖ ನೋಡಿ ನಕ್ಕರು, ವರದಕ್ಷಿಣೆ ಇಲ್ದೆ ಬಂದೋಳು ನೀನೇ ಮಾಡ್ತೀಯ, ಇದೂ ಮಾಡ್ತದೆ ಬುಡು. ಅಂದಿನಿಂದ ದಿನಾ ಬೆಳಿಗ್ಗೆ ನುಂಗಿ, ಶಾಲೆ ಮಗುವಿನ ಹಾಗೆ ನಾಲಿಗೆ ಚಾಚಿ ತೋರಿಸುತ್ತಾರೆ — ನೂರೈವತ್ತು ದಾಟಿ ಕೆಳಗಿಳಿಯಿತು, ಡಾಕ್ಟರ್ ಕಿವಿಯ ನಳಿಗೆ ತೆಗೆದರು, ನೂರಮೂವತ್ತೆಂಟು, ಪರವಾಗಿಲ್ವೇ, ಏನ್ ಮಾಡಿದ್ರಿ? ಹೇಳಿದೆ, ಎಲ್ಲವನ್ನೂ, ತೊದಲುತ್ತ, ಬಿಳಿ ಪಟ್ಟಿಯನ್ನು ಮೇಜಿನ ಮೇಲಿಟ್ಟು. ಡಾಕ್ಟರ್ ಪಟ್ಟಿಯನ್ನು ತಿರುಗಿಸಿ ಓದಿದರು, ಔಷಧ ಅದೇ, ಇದನ್ನೇ ಕೊಡಿ, ಇಡೀದು, ಆದ್ರೆ ಇನ್ನೊಂದ್ಸಲ ನಂಗೆ ಹೇಳ್ದೆ ಬದಲಾಯಿಸ್ಬೇಡಿ ಅಂದರು. ಅಗ್ಗದ್ದೂ ಕೆಲ್ಸ ಮಾಡ್ತದೆ ಅಂತ ನಾ ಹೇಳ್ಲಿಲ್ವಾ ಅನ್ನುವಂತೆ ಅತ್ತೆ ನನ್ನನ್ನು ತಿವಿದರು. ಸೆರಗು ಮುಷ್ಟಿಯಿಂದ ಜಾರಿದೆ. ಬಿಳಿಯದು ಇಳಿಸಿತೋ, ಇಡೀದು ಇಳಿಸಿತೋ, ಗುಲಾಬಿಯನ್ನೇ ಇಡಿಯಾಗಿ ನುಂಗಿದ್ದರೂ ಇಷ್ಟೇ ಇಳಿಯುತ್ತಿತ್ತೋ, ನನಗೆ ಗೊತ್ತಿಲ್ಲ, ನಿಜಕ್ಕೂ ಗೊತ್ತಿಲ್ಲ, ಇಷ್ಟು ತಿಂಗಳು ನಾನು ತಂದುಕೊಟ್ಟದ್ದು ಇಡೀ ಮಾತ್ರೆ, ಅವರು ನುಂಗಿದ್ದು ಅರ್ಧ, ಡಬ್ಬಿಯ ತಳದಲ್ಲಿ, ಅಡಿಕೆ ಚೂರುಗಳ ನಡುವೆ, ಗುಲಾಬಿ ಅರ್ಧ —